ಗರ್ಭಿಣಿಯರಲ್ಲಿ ಮಲೇರಿಯಾ ಮತ್ತು ರಕ್ತಹೀನತೆ

ಬಸಿರಿನ ಅವಧಿಯಲ್ಲಿ ಮಲೇರಿಯಾ ಸೋಂಕಿನಿಂದ ಹುಟ್ಟುವ ಅಥವಾ ಉಲ್ಬಣಿಸುವ ರಕ್ತಕೊರತೆ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿ ಇದರ ಹಾವಳಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಆಫ್ರಿಕದ 33 ದೇಶಗಳಲ್ಲಿ ಸುಮಾರು 1.27 ಕೋಟಿ ಗರ್ಭಿಣಿಯರು ಮಲೇರಿಯಾ ಸೋಂಕಿಗೆ ಒಳಗಾದರು. ಗರ್ಭಿಣಿಯ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆಯೆಂದೂ 7 ಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆಯೆಂದೂ ಪರಿಗಣಿಸುತ್ತಾರೆ.

ಮಲೇರಿಯಾ ಪರೋಪಜೀವಿಗಳು ಕೆಂಪು ರಕ್ತಕಣಗಳೊಳಗೆ ಬೆಳೆದು ಅವನ್ನು ಒಡೆಯುತ್ತವೆ. ಸೋಂಕಿಲ್ಲದ ಕಣಗಳೂ ಗುಲ್ಮದಲ್ಲಿ ನಾಶವಾಗುತ್ತವೆ. ಅಸ್ಥಿಮಜ್ಜೆಯಲ್ಲಿ ಹೊಸ ಕಣಗಳ ಉತ್ಪಾದನೆ ಕುಗ್ಗುತ್ತದೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೊರತೆ, ಕೊಕ್ಕೆಹುಳುವಿನ ಬಾಧೆ ಜೊತೆಗೂಡಿದರೆ ಸ್ಥಿತಿ ಇನ್ನೂ ಹದಗೆಡುತ್ತದೆ.

ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ ಎಂಬ ಮಲೇರಿಯಾ ಪರೋಪಜೀವಿಯ ಸೋಂಕು ತಗುಲಿದ ಕಣಗಳು ಮಾಸುವಿಗೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತವೆ. ಹಾಗಾಗಿ ಬೆರಳಿನಿಂದ ತೆಗೆದ ರಕ್ತದ ಲೇಪನದಲ್ಲಿ ಪರೋಪಜೀವಿ ಕಾಣದೆಯೂ ಇರಬಹುದು. ಮಲೇರಿಯಾ ಸದಾ ಇರುವ ಪ್ರದೇಶಗಳ ಹೆಂಗಸರಲ್ಲಿ ಒಂದಿಷ್ಟು ರೋಗನಿರೋಧಕ ಶಕ್ತಿ ಇರುವುದರಿಂದ ಜ್ವರ ಬಾರದೆ, ರಕ್ತಹೀನತೆಯೊಂದೇ ಸೋಂಕಿನ ಸುಳಿವಾಗುವುದುಂಟು. ಅಲ್ಲಿ ಚೊಚ್ಚಲ ಬಸುರಿಯರಿಗೆ ಅಪಾಯ ಹೆಚ್ಚು. ಮುಂದಿನ ಬಸಿರುಗಳಲ್ಲಿ ಮಾಸುವಿನ ಸೋಂಕನ್ನು ತಡೆಯುವ ಪ್ರತಿಕಾಯಗಳು ಬೆಳೆಯುತ್ತವೆ. ಮಲೇರಿಯಾ ವಿರಳವಾದ ಪ್ರದೇಶಗಳಲ್ಲಿ ಎಲ್ಲ ಗರ್ಭಿಣಿಯರಿಗೂ ತೀವ್ರ ಜ್ವರ ಬರುವ ಸಂಭವವಿದೆ. ಗರ್ಭಪಾತ, ಅವಧಿಪೂರ್ವ ಹೆರಿಗೆ, 2.5 ಕಿ.ಗ್ರಾಂ.ಗಿಂತ ಕಡಿಮೆ ತೂಕದ ಶಿಶುಜನನ ಗರ್ಭಿಣಿಯರ ಮಲೇರಿಯಾದ ಮುಖ್ಯ ಪರಿಣಾಮಗಳು. ರಕ್ತ ಮೊದಲೇ ಕಡಿಮೆಯಿರುವ ಬಾಣಂತಿಗೆ ಹೆರಿಗೆಯ ರಕ್ತಸ್ರಾವ ಮಾರಕವಾಗಬಹುದು.

ಕೀಟನಾಶಕ ಲೇಪಿಸಿದ ಸೊಳ್ಳೆಪರದೆ ಮುಖ್ಯ ರಕ್ಷಣೆ. ಆಫ್ರಿಕದಲ್ಲಿ ನಾಲ್ಕನೆಯ ತಿಂಗಳಿನಿಂದ, ಜ್ವರವಿರಲಿ ಇಲ್ಲದಿರಲಿ, ಕನಿಷ್ಠ ತಿಂಗಳ ಅಂತರದಲ್ಲಿ ಮೂರು ಅಥವಾ ಹೆಚ್ಚು ಬಾರಿ ಸಲ್ಫಡಾಕ್ಸಿನ್-ಪಿರಿಮೆಥಮೈನ್ ಎಂಬ ಮಲೇರಿಯಾ ಔಷಧಿಯನ್ನು ಕೊಡುತ್ತಾರೆ. ಫೋಲಿಕ್ ಆಮ್ಲ ದಿನಕ್ಕೆ 5 ಮಿ.ಗ್ರಾಂ. ಅಥವಾ ಹೆಚ್ಚಾದರೆ ಈ ಔಷಧಿಯ ಗುಣ ತಗ್ಗುತ್ತದೆ.

ಭಾರತದಲ್ಲಿ ಹೀಗೆ ಮುಂಜಾಗ್ರತೆಯಾಗಿ ಔಷಧಿ ಕೊಡುವ ಕ್ರಮವಿಲ್ಲ. ಜ್ವರ ಬಂದವರ ರಕ್ತ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ ಗರ್ಭಿಣಿಯರಲ್ಲಿ 52.2% ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಪೌಷ್ಟಿಕಾಂಶದ ಕೊರತೆಯೇ ಪ್ರಮುಖ ಕಾರಣ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಗರ್ಭಿಣಿಯರಿಗೆ 180 ದಿನ 60 ಮಿ.ಗ್ರಾಂ. ಕಬ್ಬಿಣ ಹಾಗೂ 0.5 ಮಿ.ಗ್ರಾಂ. ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ಕೊಡಲಾಗುತ್ತದೆ. ಪ್ಲಾಸ್ಮೋಡಿಯಂ ವೈವ್ಯಾಕ್ಸ್ ಎಂಬ ಇನ್ನೊಂದು ಪರೋಪಜೀವಿಯಿಂದ ಬರುವ ಮಲೇರಿಯಾ ಮರುಕಳಿಸದಂತೆ ತಡೆಯುವ ಪ್ರೈಮಾಕ್ವಿನ್ ಗರ್ಭಿಣಿಯರಿಗೆ ನಿಷಿದ್ಧ.