ಎಪ್ಪತ್ತು ವರ್ಷದ ದುಡಿಮೆ

ನಂದಿ ಬೆಟ್ಟದ ಸೀಮೆಯಲ್ಲಿ ನದಿಗಳು ಹುಟ್ಟುತ್ತವೆ, ನಿಲ್ಲುವುದಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನ ಬಯಲು ಹಾದು ಆಂಧ್ರಕ್ಕೆ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ಹಾದಿ ಹಿಡಿಯುತ್ತದೆ, ಅರ್ಕಾವತಿ ಕಾವೇರಿಯತ್ತ ತಿರುಗುತ್ತದೆ. ಚಿತ್ರಾವತಿ, ಪಾಪಾಗ್ನಿಗಳೂ ಗಡಿ ದಾಟಿದವುಗಳೇ. ಹುಟ್ಟಿದ ನೆಲಕ್ಕೆ ಉಳಿದದ್ದು ಕೆರೆ, ಕುಂಟೆ, ಬಾವಿ. ಮಳೆ ಕೈಕೊಟ್ಟ ವರ್ಷ ಅವೂ ಇಲ್ಲ. ಇಂಥ ಸೀಮೆಯಲ್ಲಿ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ, ನೀರನ್ನು ಕಟ್ಟಿ ನಿಲ್ಲಿಸುವುದನ್ನೇ ಬದುಕಿನ ವೃತ್ತಿ ಮಾಡಿಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದರು.

ಆಗಿನ್ನೂ ಕೋಲಾರವೇ ಜಿಲ್ಲೆ. ಚಿಕ್ಕಬಳ್ಳಾಪುರ ತಾನೇ ಜಿಲ್ಲೆಯಾದದ್ದು 2007ರಲ್ಲಿ. ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲ ಅದು. ದೀರ್ಘಾಯುಷ್ಯ ಈ ನಾಡಿಗೆ ಹೊಸತೇನೂ ಆಗಿರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುವ ಕಸುಬಿನಿಂದ ಯೋಗದ ಕಡೆಗೆ ತಿರುಗಿದ ನಾರೇಯಣ ತಾತಯ್ಯನವರು ನೂರಹತ್ತು ವರ್ಷ ಬಾಳಿದರೆಂದು ಭಕ್ತರ ಎಣಿಕೆ. ಆದರೆ ನೂರು ವರ್ಷ ಬದುಕುವುದು ಬೇರೆ, ಅದರಲ್ಲಿ ಎಪ್ಪತ್ತು ವರ್ಷ ಕೆಲಸದಲ್ಲಿರುವುದು ಬೇರೆ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮಗ ಇನ್ನೂ ಬಾಲಕನಾಗಿದ್ದಾಗಲೇ ಅವರು ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆ ಮುಗಿಸಿದ ಹುಡುಗ ಸೋದರಮಾವನ ಆಸರೆ ನಂಬಿ ಬೆಂಗಳೂರಿಗೆ ಬಂದ. ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಅದು 1881, ಮೈಸೂರು ರಾಜ್ಯ ಅರಸರ ಕೈಗೆ ಮರಳಿದ ವರ್ಷವೂ ಅದೇ. ಮರಳಿ ಬಂದ ಸಂಸ್ಥಾನ ಆ ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಆತ ಮೊದಲಿಗನಾಗಿ ತೇರ್ಗಡೆಯಾದ. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ, ನಾಸಿಕದಲ್ಲಿ. ಎಣಿಕೆ ಅಲ್ಲಿಂದ ಶುರು: 1884.

ಮುಂದಿನ ಇಪ್ಪತ್ತನಾಲ್ಕು ವರ್ಷ ಪಶ್ಚಿಮ ಭಾರತದ ನೀರಿನ ಚರಿತ್ರೆಯಲ್ಲಿ ಸೇರಿಹೋಗಿವೆ. ಸಿಂಧ್‌ನ ಸುಕ್ಕೂರಿನಲ್ಲಿ ಸಿಂಧೂ ನದಿಯ ಕೆಸರುನೀರನ್ನು ಕುಡಿಯುವಂತೆ ಮಾಡಬೇಕಿತ್ತು. ದುಬಾರಿ ಶೋಧಕ ಕಟ್ಟೆಗಳಿಗೆ ಪುರಸಭೆಯಲ್ಲಿ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ ಮರಳಿನಿಂದಲೇ ನೀರು ಸೋಸಿ ಬರುವಂತೆ ಮಾಡಿದರು. ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯದಲ್ಲಿ ಪ್ರವಾಹ ಬಂದಾಗ ಕಟ್ಟೆಯ ಮೇಲಿಂದ ನೀರು ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆ ಎತ್ತರಿಸಿದರೆ ಹಳೆಯ ಗೋಡೆ ಒತ್ತಡ ತಾಳಲಾರದೆಂಬ ಭಯ. ನೀರು ಒಂದು ಮಟ್ಟ ಮೀರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವು ಅಲ್ಲಿ ಕೂತವು, ಮುಂದೆ ಗ್ವಾಲಿಯರ್‌ಗೂ ಕಾವೇರಿಯ ಕನ್ನಂಬಾಡಿ ಅಣೆಕಟ್ಟಿಗೂ ಬಂದವು. ದಖ್ಖಣದ ರೈತರಿಗೆ ಸರದಿಯ ಮೇಲೆ ನಾಲೆಯ ನೀರು ಹಂಚುವ ಬ್ಲಾಕ್ ಪದ್ಧತಿಯೂ ಅವರದೇ. ಏಡನ್ ಬಂದರಿನವರು ಕೂಡ ಕುಡಿಯುವ ನೀರಿಗೆ, ಚರಂಡಿಗೆ ಇವರನ್ನು ಕರೆಸಿದರು.

1908ರಲ್ಲಿ ಅವರು ಈ ನೌಕರಿ ಬಿಟ್ಟರು. ಮುಖ್ಯ ಎಂಜಿನಿಯರ್ ಕುರ್ಚಿ ಅಂದು ಇಂಗ್ಲಿಷರ ಸೊತ್ತು; ಎಷ್ಟು ದುಡಿದರೂ ಅದು ಸಿಗುವಂತಿರಲಿಲ್ಲ. ಪೂರ್ಣ ಸೇವಾವಧಿ ಮುಗಿಯದಿದ್ದರೂ ಸರ್ಕಾರ ನಿವೃತ್ತಿ ವೇತನ ಕೊಟ್ಟು ಕಳಿಸಿತು. ಆ ಕಾಲದ ಲೆಕ್ಕದಲ್ಲಿ ಅದು ಒಂದು ಗೌರವದ ಮುಕ್ತಾಯ. ಸಾಲದು ಎನ್ನುವುದಕ್ಕೆ ಕಾರಣವೇ ಇರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ನಗರವನ್ನು ನುಂಗಿತು. ಸತ್ತವರು ಹದಿನೈದು ಸಾವಿರ ಎಂಬ ಅಂದಾಜಿದೆ. ಯುರೋಪಿನ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದ ಕರೆ ಹೋಯಿತು. ಮೂಸಿಯ ಮೇಲೂ ಅದರ ಉಪನದಿ ಈಸಿಯ ಮೇಲೂ ಜಲಾಶಯ ಕಟ್ಟಿ ನೆರೆಯನ್ನು ಊರ ಹೊರಗೇ ತಡೆಯಬೇಕೆಂದು ಅವರು ಹೇಳಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಮಾತಿನ ಫಲ. ಅಲ್ಲಿನ ಕೆಲಸದ ನಡುವೆಯೇ ಮೈಸೂರಿನ ಕರೆ ಬಂತು. 1909ರ ನವೆಂಬರಿನಲ್ಲಿ ಮುಖ್ಯ ಎಂಜಿನಿಯರ್; ಮೂರು ವರ್ಷದಲ್ಲಿ, 1912ರ ನವೆಂಬರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರು. ಮುಂಬಯಿಯಲ್ಲಿ ಅಪ್ರಾಪ್ಯವಾಗಿದ್ದ ಕುರ್ಚಿ ಊರಿನಲ್ಲಿ ದೊರೆತಿತ್ತು.

ಕನ್ನಂಬಾಡಿಯ ಕಥೆಯನ್ನು ಎಲ್ಲರೂ ಬಲ್ಲರು. ಆದರೂ ಅದರೊಳಗಿನ ಒಂದು ಹಟ ಹೇಳಲೇಬೇಕು. 1911ರಲ್ಲಿ ಕೆಲಸ ಶುರುವಾದಾಗ ಮದರಾಸಿನ ತಕರಾರಿನಿಂದಾಗಿ ಮೈಸೂರಿಗೆ ಅನುಮತಿ ದೊರೆತದ್ದು ಮೊದಲ ಹಂತದ ಎಂಬತ್ತು ಅಡಿಗೆ. ವಿಶ್ವೇಶ್ವರಯ್ಯನವರು ಅಡಿಪಾಯ ಹಾಕಿಸಿದ್ದು ಮಾತ್ರ ಪೂರ್ತಿ ಎತ್ತರದ ಅಣೆಕಟ್ಟಿಗೆ ಸಾಕಾಗುವಷ್ಟು ಅಗಲಕ್ಕೆ. ನ್ಯಾಯಾಲಯ, ಪಂಚಾಯ್ತಿ, ಒಪ್ಪಂದಗಳು ಮುಂದೆ ನಡೆಯುತ್ತಲೇ ಇದ್ದವು. 1924ರ ಒಪ್ಪಂದದ ಹೊತ್ತಿಗೆ 124 ಅಡಿಯ ಗೋಡೆಯನ್ನು ಹೊರಲು ತಳ ಸಿದ್ಧವಾಗಿಯೇ ಇತ್ತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಕಾವೇರಿಯ ನೀರು ಮಂಡ್ಯದ ಗದ್ದೆಗಳಿಗೆ ಹರಿಯಿತು. ದಿವಾನರ ಸ್ವಂತ ತಾಲ್ಲೂಕಿಗೆ ಹರಿಯಲು ಯಾವ ನದಿಯೂ ಇರಲಿಲ್ಲ. ಇಂದಿಗೂ ಅಲ್ಲಿನ ಕೆರೆಗಳು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಬರುವ ಸಂಸ್ಕರಿಸಿದ ಕೊಳಚೆ ನೀರನ್ನು ನೆಚ್ಚಿಕೊಂಡಿವೆ. ಊರಿನ ಪಾಲಿಗೆ ಬಂದದ್ದು ರೈಲು. ಅವರ ದಿವಾನಗಿರಿಯ ವರ್ಷಗಳಲ್ಲೇ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರದವರೆಗೆ ಪುಟ್ಟ ಹಳಿಯ ಗಾಡಿ ಓಡತೊಡಗಿತು.

ಆ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ ಕಾರ್ಖಾನೆ, ಸೋಪು ಕಾರ್ಖಾನೆ ಎಲ್ಲ ಹುಟ್ಟಿದವು. ಅವರ ಮೇಲೆ ಬರೆದವರೆಲ್ಲ ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತದ್ದು ಹಚ್ಚಿದ ಕಥೆಯನ್ನು ಹೇಳದೆ ಬಿಡುವುದಿಲ್ಲ. ಬತ್ತಿಯ ಕಥೆ ನಿಜವೋ ಅಲ್ಲವೋ, ಈ ಪಟ್ಟಿಯ ಮುಂದೆ ಅದು ತೀರ ಚಿಕ್ಕದು.

ಬಿಟ್ಟು ಹೊರಟದ್ದರಲ್ಲಿ ಮಾತ್ರ ನಮ್ಮ ಎಣಿಕೆ ಅವರದಕ್ಕಿಂತ ಬೇರೆಯಾಗಬೇಕಾಗುತ್ತದೆ. 1918ರಲ್ಲಿ ಹಿಂದುಳಿದ ಜಾತಿಗಳವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆಗೆ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಯೋಗ್ಯತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರ ಒಪ್ಪಿಸಿ ಹೊರಟರು. ಅವರ ಕಾಳಜಿ ದಕ್ಷತೆಯದು. ಆದರೆ ಕಛೇರಿಯ ಮೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವರಿಂದ ತುಂಬಿದ್ದ ಕಾಲದಲ್ಲಿ ಎದ್ದ ಕೂಗು ನ್ಯಾಯದ್ದೇ ಆಗಿತ್ತು. ಈ ಒಂದು ವಿಷಯದಲ್ಲಿ ಮಹಾರಾಜರು ದಿವಾನರಿಗಿಂತ ದೂರ ನೋಡಿದರು.

ಅವರ ದುಡಿಮೆ ಇಷ್ಟು ಉದ್ದವಾದದ್ದರ ಗುಟ್ಟು ಬಿಡುವುದರಲ್ಲೇ ಇತ್ತೆಂದು ತೋರುತ್ತದೆ. 1908ರಲ್ಲಿ ಬಿಡದಿದ್ದರೆ ಇಲಾಖೆಯ ಹಿರಿಯ ಅಧಿಕಾರಿಯಾಗಿ ಮುದುಕರಾಗುತ್ತಿದ್ದರು. 1918ರಲ್ಲಿ ಬಿಟ್ಟ ಮೇಲೆ ನಷ್ಟದಲ್ಲಿ ಮುಳುಗಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರನ್ನು ಬಾ ಎಂದಿತು. 1923ರಿಂದ 1929ರವರೆಗೆ ಅದನ್ನು ಸಂಭಾಳಿಸಿ, ಅಲ್ಲಿ ಬರಬೇಕಾದ ಸಂಭಾವನೆಯನ್ನು ಕಸುಬು ಕಲಿಸುವ ವಿದ್ಯಾಲಯಕ್ಕೆ ಬಿಟ್ಟುಕೊಟ್ಟು, ಅದನ್ನೂ ಬಿಟ್ಟರು. ಅಷ್ಟರಲ್ಲಿ, 1927ರಲ್ಲಿ, ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಲಿಯಲ್ಲಿ ಕುಳಿತಾಗಿತ್ತು. 1934ರಲ್ಲಿ ಇಡೀ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕೆಂಬ ಪುಸ್ತಕ. ಒರಿಸ್ಸಾದ ನೆರೆಗೆ ಉಪಾಯ ಹೇಳಲು ಕರೆ. 1941ರಲ್ಲಿ ದೇಶದ ಕೈಗಾರಿಕೋದ್ಯಮಿಗಳ ಸಂಘ. ಇಷ್ಟರಲ್ಲಿ ಅವರು ಎಂಬತ್ತರ ಆಸುಪಾಸು.

ಆಟದ ಲೋಕದಲ್ಲೂ ದೀರ್ಘ ಬಾಳಿಕೆಯ ದಾಖಲೆಗಳಿವೆ. ವಿಶ್ವೇಶ್ವರಯ್ಯನವರು ನಾಸಿಕದಲ್ಲಿ ಕೆಲಸಕ್ಕೆ ಹಾಜರಾದ ವರ್ಷ ಅಮೆರಿಕದ ಚಿಕಾಗೋದಲ್ಲಿ ಕ್ಯಾಪ್ ಆನ್ಸನ್ ಎಂಬ ಬೇಸ್‌ಬಾಲ್ ಆಟಗಾರ ತನ್ನ ಹದಿನಾಲ್ಕನೆಯ ಸೀಸನ್ ಆಡುತ್ತಿದ್ದ. 27 ಸೀಸನ್ ಮುಗಿಸಿ 1897ರಲ್ಲಿ ನಿಂತ. ಅದೇ ಊರಿನ ತಂಡ ಮುಂದೆ ಮಿನ್ನಿ ಮಿನೋಸೊನನ್ನು 1976ರಲ್ಲೂ 1980ರಲ್ಲೂ ಮತ್ತೆ ಮೈದಾನಕ್ಕಿಳಿಸಿತು. 1949ರಲ್ಲಿ ಮೊದಲು ಆಡಿದವನ ಹೆಸರಿಗೆ ಐದು ದಶಕ ಸೇರಲೆಂಬ ಆಸೆ ಅದರ ಹಿಂದಿತ್ತು. ನಮ್ಮ ಸಿ.ಕೆ. ನಾಯುಡು 1916ರಲ್ಲಿ ಶುರುಮಾಡಿದ ಮೊದಲ ದರ್ಜೆಯ ಕ್ರಿಕೆಟನ್ನು 1963ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಮುಗಿಸಿದರು. ಪ್ರೇಕ್ಷಕರ ಚಪ್ಪಾಳೆ ಇಂಥ ಕೊನೆಯ ಪಂದ್ಯಗಳಲ್ಲಿ ಹಳೆಯ ಹೆಸರಿಗೆ ಸಲ್ಲುತ್ತದೆ. ಸ್ಕೋರಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ.

1952ರಲ್ಲಿ ಬಿಹಾರಕ್ಕೆ ಹೋದ ವಿಶ್ವೇಶ್ವರಯ್ಯನವರಿಗೆ ಆ ಬಗೆಯ ಚಪ್ಪಾಳೆ ಬೇಕಿರಲಿಲ್ಲ. ಗಂಗೆಗೆ ಎಲ್ಲಿ ಸೇತುವೆ ಕಟ್ಟಬೇಕೆಂಬ ಜಗಳ ಪ್ರಾಂತ ಪ್ರಾಂತಗಳ ನಡುವೆ ಬೆಳೆದಿತ್ತು. ತೀರ್ಪು ಹೇಳುವವರು ನದಿಯನ್ನು ಬಲ್ಲವರಾಗಿರಬೇಕು, ಯಾವ ಪಕ್ಷದವರೂ ಆಗಿರಬಾರದು. ಪಂಡಿತ ನೆಹರೂ ಅವರ ಸರ್ಕಾರ ತೊಂಬತ್ತು ದಾಟಿದ ಈ ವೃದ್ಧರನ್ನು ಕರೆಯಿತು. ಅವರು ಬಿಸಿಲಿನಲ್ಲಿ ಹೋಗಿ ಜಾಗಗಳನ್ನು ನೋಡಿದರು, ಲೆಕ್ಕ ಹಾಕಿದರು, ಮೊಕಾಮಾ ಎಂದರು. ರೈಲೂ ರಸ್ತೆಯೂ ಒಂದೇ ಸೇತುವೆಯ ಮೇಲೆ ಹೋಗುವ ರಾಜೇಂದ್ರ ಸೇತು 1959ರಲ್ಲಿ ಅಲ್ಲೇ ತೆರೆಯಿತು. ಅವರು ಬಿಹಾರಕ್ಕೆ ಹೋಗುವ ಒಂದು ವರ್ಷ ಮೊದಲಷ್ಟೇ ಅವರ ಆತ್ಮಕಥನ ಹೊರಬಂದಿತ್ತು. ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂದು ಹೆಸರು. ಹೆಸರಿಗೆ ತಕ್ಕಂತೆ ಅದರಲ್ಲಿ ಮನೆ, ಮದುವೆ, ಸಂಕಟಗಳಿಗೆ ಜಾಗ ಕಡಿಮೆ, ವರದಿ, ಅಂದಾಜು, ಯೋಜನೆಗಳಿಗೆ ಬಹಳ. ಓದಲು ಒಣಗಿದಂತೆ ಕಾಣುವ ಪುಸ್ತಕ; ಬರೆದವರ ಸ್ವಭಾವ ಅಷ್ಟೇ ನಿಚ್ಚಳ.

1955ರಲ್ಲಿ ಟಾಟಾ ಕಂಪನಿಯ ಹೊಣೆ ಇಳಿಸಿದರು. ಭಾರತರತ್ನ ಬಂದದ್ದೂ ಅದೇ ವರ್ಷ. ಪ್ರಶಸ್ತಿ ಪಡೆದೆನೆಂದು ಸರ್ಕಾರವನ್ನು ಹೊಗಳುವ ಜನ ತಾವಲ್ಲವೆಂದು ಅವರು ನೆಹರೂ ಅವರಿಗೆ ಮೊದಲೇ ತಿಳಿಸಿದ್ದರೆಂದು ಹೇಳುತ್ತಾರೆ. 1960ರ ಸೆಪ್ಟೆಂಬರ್ 15ರಂದು ದೇಶ ಅವರ ನೂರರ ಉತ್ಸವ ಮಾಡಿತು, ಅಂಚೆಚೀಟಿ ಹೊರಡಿಸಿತು, ಪ್ರಧಾನಿ ಬೆಂಗಳೂರಿಗೆ ಬಂದು ಹಾರೈಸಿದರು. 1962ರ ಏಪ್ರಿಲ್‌ನಲ್ಲಿ ಅವರು ಕಣ್ಮುಚ್ಚಿದರು, ಸಮಾಧಿ ಮುದ್ದೇನಹಳ್ಳಿಯಲ್ಲಿ.

ಎಪ್ಪತ್ತು ವರ್ಷದ ಇನ್ನೊಂದು ದುಡಿಮೆಯೂ ಇದೇ ಸೀಮೆಯದು. ಅದೇ 1962ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭವಾಯಿತು. ಅದನ್ನು ಕಟ್ಟಿದವರು ಅಲ್ಲಿನ ಪ್ರಾಂಶುಪಾಲ ಡಾ. ಎಚ್. ನರಸಿಂಹಯ್ಯ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ ಓದಬೇಕೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಬಂದ ಬಡ ಹುಡುಗ. ಮರುವರ್ಷ ಗಾಂಧೀಜಿ ಆತ ಓದುತ್ತಿದ್ದ ನ್ಯಾಷನಲ್ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ. 1942ರಲ್ಲಿ ಜೈಲು ಕಂಡ. 1946ರಲ್ಲಿ ಅದೇ ಸಂಸ್ಥೆಯಲ್ಲಿ ಭೌತಶಾಸ್ತ್ರದ ಉಪನ್ಯಾಸಕ, ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕುಲಪತಿಯಾದಾಗಲೂ, ಪದ್ಮಭೂಷಣ ಬಂದಾಗಲೂ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ವಿಳಾಸ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಆ ಸಂಸ್ಥೆಯೊಂದಿಗೆ ಅವರ ನಂಟು ಎಪ್ಪತ್ತು ವರ್ಷದ್ದಾಗಿತ್ತು.