ಧೂಮಕೇತುವಿನ ಬಾಲ ಮತ್ತು ಅಹಮದಾಬಾದು

1618ರಲ್ಲಿ ಅಹಮದಾಬಾದಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದ ಮೊಘಲ್ ದೊರೆ ಜಹಾಂಗೀರ್ ಆಗ್ರಾಕ್ಕೆ ಮರಳುವ ದಾರಿಯಲ್ಲಿದ್ದಾಗ ನಸುಕಿನ ಆಕಾಶದಲ್ಲಿ ಕಂಬದಂಥ ಬೆಳಕೊಂದು ಮೂಡಿತು. ಜ್ಯೋತಿಷಿಗಳು ಯಂತ್ರ ಹಿಡಿದು ಅಳೆದಾಗ ಅದರ ಉದ್ದ 24 ಡಿಗ್ರಿ ಎಂದು ತಿಳಿದುದನ್ನು ಅವನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಆಗ ಹರಡಿದ್ದ ಪಿಡುಗಿಗೂ ಅದೇ ಕಾರಣವೆಂದು ನಂಬಿದ. ನಂಬಿಕೆ ಏನೇ ಇರಲಿ, ಅಳತೆ ಅಳತೆಯೇ; ಈ ದಾಖಲೆಯ ಬೆಲೆ ಇರುವುದು ಅಲ್ಲಿ.

ಅವನು ಕಂಡದ್ದು ಧೂಮಕೇತುವಿನ ಬಾಲ. ಅದು ಹುಟ್ಟುವ ಬಗೆ ತಿಳಿಯಲು ಮೂರು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಧೂಮಕೇತುವಿನ ಒಡಲು ಹಿಮ ಮತ್ತು ಧೂಳು ಬೆರೆತ ಮುದ್ದೆ ಎಂದು ಫ್ರೆಡ್ ವಿಪ್ಪಲ್ 1950ರಲ್ಲಿ ವಿವರಿಸಿದರು. ಸೂರ್ಯನ ಬಿಸಿಗೆ ಆ ಹಿಮ ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗಿ ಚಿಮ್ಮುತ್ತದೆ. ಹುದುಗಿದ್ದ ಧೂಳನ್ನೂ ಹೊತ್ತೊಯ್ಯುತ್ತದೆ. ಬಿಸಿಲಿನ ಒತ್ತಡ ಸಣ್ಣ ಕಣಗಳನ್ನು ದೂರ ತಳ್ಳುತ್ತದೆ. ದಪ್ಪ ಕಣಗಳು ಕಕ್ಷೆಯ ಆಸುಪಾಸಿನಲ್ಲೇ ಹಿಂದುಳಿಯುತ್ತವೆ. ಹೀಗೆ ಹರಡಿದ ಧೂಳಿನ ಬಾಲ ಅಗಲವಾಗಿ, ಬಾಗಿ, ಹಳದಿ ಛಾಯೆಯಲ್ಲಿ ಕಾಣುತ್ತದೆ. ಅನಿಲದ ಬಾಲದ ಕಥೆ ಬೇರೆ. ನೇರಳಾತೀತ ಕಿರಣಗಳಿಂದ ವಿದ್ಯುದಂಶ ಪಡೆದ ಅಣುಗಳನ್ನು ಸೂರ್ಯನಿಂದ ಹರಿಯುವ ಕಣಗಳ ಸೌರಮಾರುತ ತನ್ನ ಕಾಂತಕ್ಷೇತ್ರದೊಂದಿಗೆ ಎಳೆದೊಯ್ಯುವುದರಿಂದ ಅದು ನೀಲಿಯಾಗಿ, ನೆಟ್ಟಗೆ ಚಾಚುತ್ತದೆ. ಎರಡೂ ಸೂರ್ಯನಿಗೆ ಬೆನ್ನುಮಾಡಿರುತ್ತವೆ. ಹಾಗಾಗಿ ಸೂರ್ಯನಿಂದ ಮರಳುವಾಗ ಧೂಮಕೇತು ಬಾಲವನ್ನು ಮುಂದುಮಾಡಿಕೊಂಡೇ ಸಾಗುತ್ತದೆ.

ಸೂರ್ಯನಿಂದ ಕಣಗಳು ಎಡೆಬಿಡದೆ ಹರಿಯುತ್ತಿವೆ ಎಂಬುದನ್ನು ಲುಡ್ವಿಗ್ ಬೀರ್ಮನ್ 1951ರಲ್ಲಿ ಊಹಿಸಿದ್ದು ಈ ಬಾಲಗಳನ್ನು ನೋಡಿಯೇ. 1962ರಲ್ಲಿ ಮ್ಯಾರಿನರ್ 2 ನೌಕೆ ಆ ಹರಿವನ್ನು ಅಳೆಯಿತು. ಹರಿವಿನ ವೇಗಕ್ಕೂ ಕಾಸ್ಮಿಕ್ ಕಿರಣಗಳ ಏರಿಳಿತಕ್ಕೂ ಇರುವ ಸಂಬಂಧವನ್ನು ಸ್ನೈಡರ್ ಮತ್ತು ನ್ಯೂಗೆಬಾಯರ್ ಜೊತೆ 1963ರಲ್ಲಿ ಪ್ರಕಟಿಸಿದವರು ಉಡುಪಿ ಜಿಲ್ಲೆಯ ಅದಮಾರಿನ ಯು. ಆರ್. ರಾವ್. ವಿಕ್ರಮ್ ಸಾರಾಭಾಯಿ 1947ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಪಳಗಿ ಅಮೆರಿಕಕ್ಕೆ ಹೋಗಿದ್ದ ಅವರು 1966ರಲ್ಲಿ ಆ ಪ್ರಯೋಗಾಲಯಕ್ಕೇ ಮರಳಿದರು.

ಹ್ಯಾಲಿ ಧೂಮಕೇತು ಬಂದಾಗ ಆ ಪ್ರಯೋಗಾಲಯ ಎರಡೂ ಬಾಲಗಳ ಬೆನ್ನುಹತ್ತಿತು. 1985ರ ಡಿಸೆಂಬರಿನಲ್ಲಿ ಹ್ಯಾಲಿಯ ಅನಿಲದ ಬಾಲ ದೂರದ ರೇಡಿಯೋ ಆಕರವೊಂದರ ಮುಂದೆ ಹಾದುಹೋಯಿತು. ಆಗ ಆ ಆಕರದ ರೇಡಿಯೋ ಅಲೆಗಳ ಮಿನುಗು ಹೆಚ್ಚಿದ್ದನ್ನು ಅಹಮದಾಬಾದಿನ ಅಂಚಿನ ಥಲ್ತೇಜಿನ 103 ಮೆಗಾಹರ್ಟ್ಸ್ ದೂರದರ್ಶಕದಲ್ಲಿ ಆಳೂರ್ಕರ್, ಭೋನ್ಸ್ಲೆ ಮತ್ತು ಶರ್ಮಾ ಗುರುತಿಸಿ ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಿನುಗು ಬಾಲದ್ದೋ ಸೌರಮಾರುತದ್ದೋ ಎಂದು ಊಟಿಯ ಖಗೋಳಜ್ಞರು ಪ್ರಶ್ನಿಸಿದರು.

ಧೂಳಿನ ಅಧ್ಯಯನದ ಫಲ ಇದಕ್ಕಿಂತ ಗಟ್ಟಿ. ಕಣಗಳ ಮೇಲೆ ಬಿದ್ದು ಚದುರುವ ಬಿಸಿಲು ಧ್ರುವೀಕರಣಗೊಳ್ಳುತ್ತದೆ, ಅಂದರೆ ಅದರ ಅಲೆಗಳ ಕಂಪನ ಒಂದು ದಿಕ್ಕಿಗೆ ವಾಲುತ್ತದೆ. ಧ್ರುವೀಕರಣದ ಪ್ರಮಾಣದಿಂದ ಕಣದ ಗಾತ್ರವನ್ನೂ ಸ್ವರೂಪವನ್ನೂ ಊಹಿಸಬಹುದು. ಹ್ಯಾಲಿಯ ಧ್ರುವೀಕರಣವನ್ನು ತಮಿಳುನಾಡಿನ ಕಾವಲೂರಿನ ದೂರದರ್ಶಕದಿಂದ ಅಳೆಯಲಾಯಿತು. ಮುಂದೆ ಪ್ರಯೋಗಾಲಯ ಅಬು ಪರ್ವತದ ಗುರುಶಿಖರದಲ್ಲಿ ತನ್ನದೇ 1.2 ಮೀಟರ್ ದೂರದರ್ಶಕ ನೆಟ್ಟಿತು. 1997ರಲ್ಲಿ ಬರಿಗಣ್ಣಿಗೂ ಕಂಡ ಹೇಲ್-ಬಾಪ್ ಧೂಮಕೇತುವನ್ನು ಗಣೇಶ್, ಜೋಶಿ, ಬಾಲಿಯಾನ್ ಮತ್ತು ದೇಶಪಾಂಡೆ ಅಲ್ಲಿಂದ ಅಳೆದರು. ಅದರ ಧ್ರುವೀಕರಣ ಹ್ಯಾಲಿಯದಕ್ಕಿಂತ ಹೆಚ್ಚಿತ್ತು. ಅಂದರೆ, ಹೇಲ್-ಬಾಪ್ ಚೆಲ್ಲಿದ ಧೂಳಿನಲ್ಲಿ ತೀರ ಸಣ್ಣ ಕಣಗಳ ಪಾಲು ದೊಡ್ಡದು.