ಚೂಪಾದ ಪ್ಯಾಡ್ ಸ್ವರ: ಮರದ ಪೆಟ್ಟಿಗೆಯಿಂದ ಫಿಲ್ಟರ್‌ವರೆಗೆ



ಕಳೆದ ಕ್ರಿಸ್ಮಸ್ ಹಾಡುಗಳ ಅಭ್ಯಾಸದಲ್ಲಿ ನಮ್ಮ ಗಾಯನ ಮಂಡಳಿಗೆ ಒಂದು ಪಾಠ ಸಿಕ್ಕಿತು. ಕೀಬೋರ್ಡಿನಲ್ಲಿ ಹೊಸ ಪ್ಯಾಡ್ ಹಾಕಿದ್ದೆವು. ಹೆಡ್‌ಫೋನಿನಲ್ಲಿ ಕೇಳುವಾಗ ಅದು ಬಹಳ ಚಂದ ಇತ್ತು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಮಕ್ಕಳೇ, ರಾಗ ಕೇಳ್ತದೆ, ಶಬ್ದ ಒಂದೂ ಗೊತ್ತಾಗುದಿಲ್ಲ" ಎಂದರು. ವಾಲ್ಯೂಮ್ ತಗ್ಗಿಸಿದೆವು. ಪ್ಯಾಡಿನ ತುಂಬುತನ ಹೋಯಿತು, ಕಿವಿಗೆ ಚುಚ್ಚುವ ಚೂಪು ಮಾತ್ರ ಉಳಿಯಿತು. ತೊಂದರೆ ಜೋರಿನದ್ದಲ್ಲ, ಸ್ವರದ ಬಣ್ಣದ್ದು ಎಂದು ಆಗ ಅರ್ಥವಾಯಿತು.

ಈ ತೊಂದರೆಗೆ ಉತ್ತರ ಹುಡುಕಹೊರಟರೆ ಮುನ್ನೂರು ವರ್ಷ ಹಿಂದೆ ಹೋಗಬೇಕಾಗುತ್ತದೆ. 1712ರಲ್ಲಿ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನ ಆರ್ಗನ್ ಕಟ್ಟಿದ ಅಬ್ರಹಾಂ ಜೋರ್ಡನ್, ಅದರ ಕೆಲವು ಕೊಳವೆಗಳನ್ನು ಮರದ ಪೆಟ್ಟಿಗೆಯೊಳಗೆ ಇಟ್ಟು, ನುಡಿಸುವವರೇ ಅದರ ಬಾಗಿಲನ್ನು ತೆರೆದು ಮುಚ್ಚುವಂತೆ ಮಾಡಿದರು. ಬಾಗಿಲು ಮುಚ್ಚಿದಾಗ ಸ್ವರ ಸಣ್ಣದಾಗುವುದಷ್ಟೇ ಅಲ್ಲ, ಮೃದುವೂ ಆಗುತ್ತದೆ. ಮರ ತಡೆಯುವುದು ಹೆಚ್ಚಾಗಿ ಎತ್ತರದ ಕಂಪನಗಳನ್ನು. ತಗ್ಗಿನವು ಹೇಗೋ ಹೊರಗೆ ಬರುತ್ತವೆ.

ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡಿದವರು ಅಮೆರಿಕದ ರಾಬರ್ಟ್ ಮೂಗ್. ಅವರ ಫಿಲ್ಟರಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಕಟ್‌ಆಫ್ ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಆ ಗಡಿಯಿಂದ ಮೇಲಿನ ಕಂಪನಗಳು ಕರಗುತ್ತಾ ಹೋಗುತ್ತವೆ. ಪೆಟ್ಟಿಗೆಯ ಬಾಗಿಲು ಈಗ ಬೆರಳ ತುದಿಗೆ ಬಂತು ಎನ್ನಬಹುದು. 1974ರಲ್ಲಿ ಬಂದ ಸೋಲಿನಾ ಸ್ಟ್ರಿಂಗ್ ಎನ್‌ಸೆಂಬಲ್, ವಯಲಿನ್ ಗುಂಪಿನಂತಹ ಸ್ವರವನ್ನು ಒಬ್ಬರೇ ನುಡಿಸುವಂತೆ ಮಾಡಿತು. ಇಂದಿನ ಪ್ಯಾಡ್‌ಗಳಿಗೆ ಅದೂ ಒಂದು ಮೂಲ.

1983ರಲ್ಲಿ ಗಾಳಿ ಬದಲಾಯಿತು. ಯಮಹಾ ಡಿಎಕ್ಸ್7ರಲ್ಲಿ ಫಿಲ್ಟರೇ ಇರಲಿಲ್ಲ. ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ಸ್ವರ ಹುಟ್ಟಿಸುವ ವಿಧಾನ ಅದರದ್ದು. ಗಂಟೆಯಂತೆ ಹೊಳೆಯುವ ಆ ಸ್ವರ ಎಲ್ಲರಿಗೂ ಬೇಕಾಯಿತು. 1987ರ ರೋಲ್ಯಾಂಡ್ ಡಿ-50, 1988ರ ಕೋರ್ಗ್ ಎಂ1 ಬಂದವು. ಹೊಳಪಿನ ಜೊತೆಗೆ ಕೋರಸ್, ರಿವರ್ಬ್ ಕೂಡ ಕೀಬೋರ್ಡಿನೊಳಗೇ ಸೇರಿತು. ಒಂಟಿಯಾಗಿ ನುಡಿಸಿದರೆ ಮನ ಸೆಳೆಯುವ ಸ್ವರಗಳಿವು. ಹಾಡುವವರ ಜೊತೆ ಸೇರಿದಾಗಲೇ ಪೇಚು. ನಾವು ಹಾಡುವ ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2000ದಿಂದ 5000 ಹರ್ಟ್ಸ್ ನಡುವೆ. ಚೂಪಾದ ಪ್ಯಾಡ್ ಬಂದು ಕೂರುವುದೂ ಅಲ್ಲೇ.

ನಮ್ಮ ಮಂಡಳಿ ಈಗ ಅನುಸರಿಸುವ ಕ್ರಮ ಹೀಗಿದೆ. ಮೊದಲು ಸ್ವರ ಆರಿಸುವುದು. 1991ರ ಜನರಲ್ ಮಿಡಿ ಪಟ್ಟಿಯಲ್ಲಿ 89ರಿಂದ 96ರವರೆಗೆ ಎಂಟು ಪ್ಯಾಡ್‌ಗಳಿವೆ, 90ನೆಯದು 'ವಾರ್ಮ್'. ಅಲ್ಲಿಂದ ಶುರು ಮಾಡುತ್ತೇವೆ. ಆಮೇಲೆ, ಹಾಡು ನಡೆಯುತ್ತಿರುವಾಗಲೇ ಕಟ್‌ಆಫನ್ನು ನಿಧಾನವಾಗಿ ಇಳಿಸುತ್ತೇವೆ. ಗುಂಡಿ ಇಲ್ಲದಿದ್ದರೆ ಮೆನುವಿನಲ್ಲಿ 'ಬ್ರೈಟ್‌ನೆಸ್' ಹುಡುಕಬೇಕು. ಮಿಡಿಯಲ್ಲಿ ಅದರ ಕಂಟ್ರೋಲ್ ಸಂಖ್ಯೆ 74. ಇನ್ನೂ ಚುಚ್ಚಿದರೆ ಇಕ್ಯೂನಲ್ಲಿ 3000 ಹರ್ಟ್ಸ್ ಆಸುಪಾಸು 3 ಡೆಸಿಬಲ್ ಕಡಿಮೆ ಮಾಡುತ್ತೇವೆ. ಅಟ್ಯಾಕ್ ಸ್ವಲ್ಪ ನಿಧಾನ, ರಿವರ್ಬ್ ಕಡಿಮೆ. ಚರ್ಚಿನ ಗೋಡೆಗಳೇ ಸಾಕಷ್ಟು ಪ್ರತಿಧ್ವನಿ ಕೊಡುತ್ತವೆ. ಬಲಗೈಯನ್ನು ಹಾಡುವವರ ಸ್ಥಾಯಿಗಿಂತ ಕೆಳಗೆ ಇಟ್ಟು, ನಾಲ್ಕೈದು ಸ್ವರಗಳ ಬದಲು ಎರಡೋ ಮೂರೋ ಒತ್ತುತ್ತೇವೆ.

ಮಿತಿಮೀರಿ ಇಳಿಸಿದರೆ ಕಂಬಳಿ ಹೊದಿಸಿದ ಹಾಗೆ ಮಂಕಾಗುತ್ತದೆ, ನೆನಪಿರಲಿ. ಆದ್ದರಿಂದ ಒಬ್ಬರು ನುಡಿಸುವಾಗ ಇನ್ನೊಬ್ಬರು ಹಿಂದಿನ ಬೆಂಚಿಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಈಸ್ಟರ್ ಜಾಗರಣೆಯ ರಾತ್ರಿ ಆ ಹಿರಿಯರು ಪುಸ್ತಕ ತೆರೆಯದೆ ನಮ್ಮೊಡನೆ ಹಾಡಿದರು. ಪ್ಯಾಡ್ ಹೇಗಿತ್ತೆಂದು ಕೇಳಿದ್ದಕ್ಕೆ, "ಪ್ಯಾಡ್ ಅಂದ್ರೆ ಯಾವುದು?" ಎಂದು ನಕ್ಕರು.